ನಿಮ್ಮ ನೆಚ್ಚಿನ ಹತ್ತು ಸಿನಿಮಾ: ಆರಿಸುವುದು ಹೇಗೆ, ಯಾಕೆ ಇಷ್ಟ ಎಂದು ಹೇಳುವುದು ಹೇಗೆ

ದಾವಣಗೆರೆಯಲ್ಲಿ ಯಾರನ್ನಾದರೂ ನಿಲ್ಲಿಸಿ "ನಿಮಗೆ ಬಹಳ ಇಷ್ಟದ ಸಿನಿಮಾ ಯಾವ್ದ್ರೀ?" ಎಂದು ಕೇಳಿ. ಹೆಸರು ಥಟ್ಟನೆ ಬರುತ್ತದೆ. "ಯಾಕ್ರೀ?" ಎಂದಿರೋ, ಮಾತು ಅಲ್ಲಿಗೇ ನಿಲ್ಲುತ್ತದೆ. "ಚೆನ್ನಾಗೈತಿ ನೋಡ್ರಿ, ಮತ್ತೇನು ಹೇಳ್ಬೇಕು?" ಚಿತ್ರದುರ್ಗದಲ್ಲೂ ಇದೇ ಉತ್ತರ. ಹೀಗೆ ಹೇಳುವವರಿಗೆ ಅಭಿರುಚಿ ಇಲ್ಲವೆಂದಲ್ಲ. ಇಷ್ಟದ ಕಾರಣ ಯಾವುದೋ ಒಂದು ದೃಶ್ಯದೊಳಗೆ ಕೂತಿರುತ್ತದೆ. ಅದನ್ನು ಹುಡುಕಿ ಹೊರಗೆ ತೆಗೆದಿರುವುದಿಲ್ಲ, ಅಷ್ಟೇ. ಈ ಹುಡುಕಾಟಕ್ಕೆ ಒಂದು ಕ್ರಮವಿದೆ. ಒಂದು 200 ಪುಟದ ನೋಟ್‌ಬುಕ್, ಇಪ್ಪತ್ತೈದು ಖಾಲಿ ಚೀಟಿ, ಮೂರು ತಿಂಗಳ ಬಿಡುವಿನ ಸಂಜೆಗಳು ಇದ್ದರೆ ಸಾಕು.

ಮೊದಲ ಹೆಜ್ಜೆ: ಯಾವ ಪಟ್ಟಿ ಎಂದು ಗೊತ್ತುಮಾಡಿಕೊಳ್ಳಿ

"ಶ್ರೇಷ್ಠ ಹತ್ತು" ಒಂದು ಪಟ್ಟಿ, "ನನಗಿಷ್ಟವಾದ ಹತ್ತು" ಇನ್ನೊಂದು. ಎರಡನ್ನೂ ಕಲಸಿದರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ. 1934ರ 'ಸತಿ ಸುಲೋಚನ' ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ. ಚರಿತ್ರೆಯಲ್ಲಿ ಅದರ ಜಾಗವನ್ನು ಯಾರೂ ಕಸಿಯಲಾರರು. ಆದರೆ ಅದರ ಪ್ರತಿ ಉಳಿದಿಲ್ಲ, ಹಾಗಾಗಿ ಇವತ್ತಿನ ಪ್ರೇಕ್ಷಕರ ನೆಚ್ಚಿನ ಚಿತ್ರ ಅದಾಗಲಾರದು. 'ಸಂಸ್ಕಾರ' (1970) ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ತಂದ ಮೊದಲ ಕನ್ನಡ ಚಿತ್ರ. ಅದರ ಮಹತ್ವವನ್ನು ಒಪ್ಪಿಕೊಂಡೇ, "ನನಗೆ ಇದನ್ನು ಇನ್ನೊಂದು ಸಲ ನೋಡಬೇಕು ಅನಿಸುತ್ತಿಲ್ಲ" ಎಂದು ಹೇಳುವ ಹಕ್ಕು ನಿಮಗಿದೆ. ಗೌರವಕ್ಕಾಗಿ ಸೇರಿಸಿದ ಚಿತ್ರದ ಬಗ್ಗೆ ಎರಡು ವಾಕ್ಯ ಬರೆಯುವಷ್ಟರಲ್ಲಿ ಸರಕು ಮುಗಿದುಹೋಗುತ್ತದೆ.

ಹತ್ತೇ ಯಾಕೆ? ಲಂಡನ್ನಿನ 'ಸೈಟ್ ಅಂಡ್ ಸೌಂಡ್' ಸಿನಿಮಾ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರನ್ನು ಶ್ರೇಷ್ಠ ಚಿತ್ರಗಳು ಯಾವುವೆಂದು ಕೇಳುತ್ತಾ ಬಂದಿದೆ, ಒಬ್ಬೊಬ್ಬರೂ ಹತ್ತು ಹೆಸರು ಕೊಡುತ್ತಾರೆ. 2022ರಲ್ಲಿ 1,600ಕ್ಕೂ ಹೆಚ್ಚು ಜನ ಕೊಟ್ಟರು. ಐದು ಹೆಸರಿನ ಪಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರುವ ಚಿತ್ರಗಳೇ ತುಂಬಿಕೊಳ್ಳುತ್ತವೆ. ಇಪ್ಪತ್ತೈದಾದರೆ ಯಾವುದನ್ನೂ ಬಿಡುವ ಕಷ್ಟವಿರುವುದಿಲ್ಲ. ಹತ್ತರಲ್ಲಿ ಮಾತ್ರ, ಒಂದನ್ನು ಇಟ್ಟುಕೊಳ್ಳಬೇಕಾದರೆ ಇನ್ನೊಂದನ್ನು ಬಿಡಬೇಕು. ಬಿಡುವಾಗಲೇ ನಿಮ್ಮ ಕಾರಣ ನಿಮಗೆ ಗೊತ್ತಾಗುವುದು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಯಮಗಳನ್ನು ಬರೆಯಿರಿ: ಕನ್ನಡ ಚಿತ್ರಗಳು ಮಾತ್ರವೋ ಎಲ್ಲ ಭಾಷೆಯವೋ; ಎರಡು ಭಾಗದಲ್ಲಿ ಬಂದ ಚಿತ್ರ ಒಂದೋ ಎರಡೋ; ಧಾರಾವಾಹಿ, ವೆಬ್ ಸರಣಿ ಸೇರುತ್ತವೋ ಇಲ್ಲವೋ. ನಾವು ಒತ್ತಿ ಹೇಳುವ ನಿಯಮ ಒಂದೇ: ಮೊದಲ ಸಲ ನೋಡಿ ಎರಡು ವರ್ಷ ತುಂಬದ ಚಿತ್ರ ಬೇಡ. ಹೊಸದಾಗಿ ನೋಡಿದ್ದರ ಬಿಸಿ ಆರಬೇಕು. "ನಿರ್ದೇಶಕರಿಗೆ ಒಂದೇ ಚಿತ್ರ" ಎಂಬ ನಿಯಮವನ್ನು ಕೆಲವರು ಹಾಕಿಕೊಳ್ಳುತ್ತಾರೆ, ನಮಗದು ಒಪ್ಪಿಗೆಯಿಲ್ಲ. ಪುಟ್ಟಣ್ಣ ಕಣಗಾಲರ ಮೂರು ಚಿತ್ರ ನಿಮ್ಮ ಹತ್ತರಲ್ಲಿದ್ದರೆ ಇರಲಿ ಬಿಡಿ. ಸಮತೋಲನ ಕಾಯುವುದು ಪ್ರಶಸ್ತಿ ಸಮಿತಿಯ ಕೆಲಸ.

ಎರಡನೇ ಹೆಜ್ಜೆ: ಫೋನ್ ಮುಟ್ಟದೆ ನೆನಪಿನ ಪಟ್ಟಿ

ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು 45 ನಿಮಿಷ ಕೂತು ಹೆಸರು ಬರೆಯಿರಿ. ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸಬೇಡಿ, ನೆನಪಾದದ್ದೆಲ್ಲ ಬರಲಿ. 60ರಿಂದ 80 ಹೆಸರು ಬರಬೇಕು.

ಬಹಳ ಜನ ಇಪ್ಪತ್ತಕ್ಕೇ ನಿಲ್ಲುತ್ತಾರೆ, ಅವೂ ಈಚಿನ ಐದು ವರ್ಷದವೇ ಆಗಿರುತ್ತವೆ. ದಿನವೂ ಫೋನಿನಲ್ಲಿ ಕಣ್ಣಿಗೆ ಬೀಳುವ ತುಣುಕುಗಳು ಹಳೆಯ ನೆನಪನ್ನು ಮುಚ್ಚಿರುತ್ತವೆ. ಹೀಗಾದರೆ ಹೆಸರು ಹುಡುಕುವುದನ್ನು ಬಿಟ್ಟು ಜಾಗ ನೆನೆಸಿಕೊಳ್ಳಿ. ಅರುಣಾ ಟಾಕೀಸ್ ಸರ್ಕಲ್, ಅಶೋಕ ಟಾಕೀಸ್ ರೈಲ್ವೆ ಗೇಟು ಎಂದು ವಿಳಾಸ ಹೇಳುವ ಊರು ದಾವಣಗೆರೆ. ಯಾವ ಟಾಕೀಸಿನ ಯಾವ ಸಾಲಿನಲ್ಲಿ ಕೂತಿದ್ದಿರಿ ಎಂಬುದು ನೆನಪಾದರೆ ಪರದೆಯ ಮೇಲೆ ಏನಿತ್ತು ಎಂಬುದೂ ಹಿಂದೆಯೇ ಬರುತ್ತದೆ. ಹಳ್ಳಿಯ ಟೆಂಟು, ಗಣಪತಿ ಪೆಂಡಾಲಿನ ಪರದೆ, ಭಾನುವಾರ ಸಂಜೆಯ ದೂರದರ್ಶನ, ಬಾಡಿಗೆಗೆ ತಂದ ವಿಸಿಪಿ (ವಿಡಿಯೊ ಕ್ಯಾಸೆಟ್ ಪ್ಲೇಯರ್), ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ವಿಡಿಯೊ, ಹಾಸ್ಟೆಲಿನ ಲ್ಯಾಪ್‌ಟಾಪು, ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ಆಮೇಲೆ ಜೊತೆಗಿದ್ದವರ ಲೆಕ್ಕ: ಅವ್ವನ ಜೊತೆ ನೋಡಿದ್ದು, ಚಿಕ್ಕಪ್ಪ ಕರಕೊಂಡು ಹೋದದ್ದು, ಕಾಲೇಜಿಗೆ ಚಕ್ಕರ್ ಹಾಕಿ ಗೆಳೆಯರೊಂದಿಗೆ ನೋಡಿದ್ದು, ಮದುವೆಯಾದ ಹೊಸದರಲ್ಲಿ ನೋಡಿದ್ದು.

ಪಟ್ಟಿ ಮುಗಿದ ಮೇಲೆ ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕಿ. ಪೂರ್ತಿ ನೋಡಿದ್ದಕ್ಕೆ "ಪೂ", ತುಣುಕು ನೋಡಿದ್ದಕ್ಕೆ "ತು", ಹಾಡು ಮಾತ್ರ ಗೊತ್ತಿದ್ದರೆ "ಹಾ". ಇಲ್ಲಿ ಪ್ರಾಮಾಣಿಕರಾಗಿರಿ. ಪುಟ್ಟಣ್ಣನವರ ಚಿತ್ರಗಳ ಹಾಡು ಬಾಯಿಪಾಠ ಇರುವ ಎಷ್ಟೋ ಜನ ಆ ಚಿತ್ರಗಳನ್ನು ಮೊದಲಿಂದ ಕೊನೆಯವರೆಗೆ ನೋಡಿರುವುದಿಲ್ಲ. "ಪೂ" ಇಲ್ಲದ್ದು ಮುಂದಿನ ಸುತ್ತಿಗೆ ಹೋಗಬಾರದು. ನೋಡಬೇಕು ಅನಿಸಿದರೆ ಬೇರೆ ಪುಟದಲ್ಲಿ ಬರೆದಿಡಿ.

ಬಿಟ್ಟುಹೋದವನ್ನು ಸೇರಿಸಲು ಈಗ ಫೋನ್ ತೆಗೆಯಬಹುದು. ಸ್ವರ್ಣಕಮಲ ಗೆದ್ದ ಕನ್ನಡ ಚಿತ್ರಗಳ ಮೇಲೆ ('ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ') ಒಮ್ಮೆ ಕಣ್ಣಾಡಿಸಿ. ನಮ್ಮ ಭಾಗದವರು ತ.ರಾ.ಸು. ಕಾದಂಬರಿಗಳಿಂದ ಬಂದ ಚಿತ್ರಗಳ ಸಾಲನ್ನೂ ನೋಡುವುದು ಒಳ್ಳೆಯದು: 'ಚಂದವಳ್ಳಿಯ ತೋಟ' (1964), 'ನಾಗರಹಾವು' (1972), 'ಹಂಸಗೀತೆ' (1975), 'ಬೆಂಕಿಯ ಬಲೆ', 'ಮಸಣದ ಹೂವು', 'ಆಕಸ್ಮಿಕ' (1993). "ಅಯ್ಯೋ, ಇದನ್ನ ಮರೆತಿದ್ದೆನಲ್ಲ" ಅನಿಸಿದ್ದನ್ನು ಮಾತ್ರ ಸೇರಿಸಿ. ಹದಿನೈದಕ್ಕಿಂತ ಹೆಚ್ಚು ಸೇರಿದರೆ ನಿಮ್ಮ ನೆನಪಿನ ಮೇಲೆ ಬೇರೆಯವರ ಪಟ್ಟಿ ಹತ್ತಿ ಕೂತಿದೆ ಎಂದರ್ಥ.

ಮೂರನೇ ಹೆಜ್ಜೆ: ಜರಡಿ

ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ. ಒಂದು: ಅದರ ಒಂದು ದೃಶ್ಯವನ್ನು ಈಗ, ಕಣ್ಣು ಮುಚ್ಚಿ, ಒಂದು ನಿಮಿಷ ವಿವರಿಸಬಲ್ಲಿರಾ? ಯಾರು ಎಲ್ಲಿ ನಿಂತಿದ್ದರು, ಬೆಳಕು ಹೇಗಿತ್ತು, ಏನು ಕೇಳಿಸುತ್ತಿತ್ತು? ಎರಡು: ಆ ನಟನನ್ನೋ ಆ ಒಂದು ಹಾಡನ್ನೋ ತೆಗೆದರೆ ಇನ್ನೇನಾದರೂ ಉಳಿಯುತ್ತದೆಯೇ? ಮೂರು: ಮನೆಯವರೆಲ್ಲ "ಅದೇನ್ ಸಿನಿಮಾ ಬಿಡು" ಎಂದರೂ ಅದರ ಪರ ನಿಲ್ಲುತ್ತೀರಾ? ಮೂರರಲ್ಲಿ ಎರಡಕ್ಕೆ "ಹೌದು" ಬರದ ಚಿತ್ರವನ್ನು ಹೊಡೆದುಹಾಕಿ. 20ರಿಂದ 25 ಉಳಿಯುತ್ತವೆ.

ಎರಡನೇ ಪ್ರಶ್ನೆ ಅಭಿಮಾನಿಗಳಿಗೆ ನೋವು ಕೊಡುತ್ತದೆ. ರಾಜಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್ ಮೇಲಿನ ಪ್ರೀತಿ ನಿಜವಾದದ್ದು, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ನಟನ ಮೇಲಿನ ಪ್ರೀತಿ ಅವರ ಎಲ್ಲ ಚಿತ್ರಗಳಿಗೂ ಸಮನಾಗಿ ಹಂಚಿರುತ್ತದೆ. ಇದೇ ಚಿತ್ರ ಯಾಕೆ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. 'ಕಸ್ತೂರಿ ನಿವಾಸ' (1971) ತೆಗೆದುಕೊಳ್ಳಿ. ಕೊಡುಗೈ ದೊರೆಯಾಗಿದ್ದವನು ಎಲ್ಲ ಕಳಕೊಂಡ ಮೇಲೆ, ಮನೆಗೆ ಬಂದ ಅತಿಥಿಗೆ ಊಟಕ್ಕಿಡಲು ಬೇರೇನೂ ಇಲ್ಲದೆ ತನ್ನ ಪಾರಿವಾಳವನ್ನೇ ಕೊಲ್ಲಿಸಿ ಬಡಿಸುತ್ತಾನೆ. ಆಕೆ ಬಂದದ್ದು ಆ ಪಾರಿವಾಳವನ್ನೇ ಕೇಳಲಿಕ್ಕೆ. ಈ ಸನ್ನಿವೇಶದ ಬಿಗಿ ನಟನಿಗಿಂತ ಮೊದಲು ಕಥೆಯ ಕಟ್ಟಿನಲ್ಲಿದೆ, ರಾಜಕುಮಾರ್ ಅದನ್ನು ಹೊತ್ತು ನಿಂತಿದ್ದಾರೆ. ಹೀಗೆ ಬಿಡಿಸಿ ಹೇಳಲು ಬಂದರೆ ಚಿತ್ರ ಜರಡಿಯಲ್ಲಿ ಉಳಿಯಿತು.

ಊರಿನ ಅಭಿಮಾನ ಇದಕ್ಕಿಂತ ಸೂಕ್ಷ್ಮ. ದುರ್ಗದವರಿಗೆ 'ನಾಗರಹಾವು' ನೋಡುವಾಗ ಸಿಗುವ ಖುಷಿಯಲ್ಲಿ ಒಂದು ಪಾಲು "ಇದು ನಮ್ಮ ಬೆಟ್ಟ" ಎಂಬ ಗುರುತಿನದು. ನಾಗಾಭರಣ ಅವರ 'ಕಲ್ಲರಳಿ ಹೂವಾಗಿ' (2006) ನೋಡುವಾಗಲೂ ಅಷ್ಟೇ. ಈ ಪಾಲನ್ನು ಬೇರ್ಪಡಿಸಲು ಒಂದು ದಾರಿಯಿದೆ. ನೆಚ್ಚಿನ ದೃಶ್ಯವನ್ನು ಬರೆಯುವಾಗ ಸ್ಥಳದ ಹೆಸರುಗಳನ್ನು ಬಿಟ್ಟು "ಬಂಡೆ", "ಬುರುಜು", "ಮೆಟ್ಟಿಲು" ಎಂದಷ್ಟೇ ಬರೆಯಿರಿ. ದೃಶ್ಯ ಇನ್ನೂ ನಿಂತರೆ ಪ್ರೀತಿ ಚಿತ್ರದ್ದು. ಬಿದ್ದುಹೋದರೆ ಪ್ರೀತಿ ಊರಿನದು, ಅದಕ್ಕೆ ಬೇರೆ ಪಟ್ಟಿ ಮಾಡಿ.

ನಾಲ್ಕನೇ ಹೆಜ್ಜೆ: ಮತ್ತೆ ನೋಡುವುದು

ಬಹಳ ಜನ ಹಾರಿಸಿಬಿಡುವ ಹೆಜ್ಜೆ ಇದು. ಹತ್ತು ವರ್ಷದ ಹಿಂದೆ ನೋಡಿದ ಚಿತ್ರದ ಬಗ್ಗೆ ನಿಮ್ಮ ತಲೆಯಲ್ಲಿರುವುದು ಚಿತ್ರವಲ್ಲ, ಅದರ ಬಗ್ಗೆ ನೀವೇ ಹೇಳಿಕೊಂಡು ಬಂದ ಮಾತು. 22 ಚಿತ್ರ ಉಳಿದಿದ್ದರೆ ವಾರಕ್ಕೆ ಎರಡರಂತೆ 11 ವಾರ ಬೇಕು. ಒಂದೇ ದಿನ ಎರಡು ನೋಡಬೇಡಿ, ಎರಡನೆಯದಕ್ಕೆ ಯಾವಾಗಲೂ ಅನ್ಯಾಯವಾಗುತ್ತದೆ.

ಚಿತ್ರದ ಯಾವ ಪ್ರತಿ ನೋಡಬೇಕು ಎಂದು ಆರಿಸುವುದರಲ್ಲಿ ಎಚ್ಚರ ಬೇಕು. ಹಳೆಯ ಚಿತ್ರಗಳಲ್ಲಿ ಬಹಳಷ್ಟರ ಚೌಕಟ್ಟಿನ ಅಗಲ, ಎತ್ತರದ ಅನುಪಾತ 4:3ಕ್ಕೆ ಹತ್ತಿರ. ಅದನ್ನು ಇವತ್ತಿನ 16:9 ಟಿವಿ ತುಂಬುವಂತೆ ಕತ್ತರಿಸಿದರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ತಲೆಯ ಮೇಲಿನ ಜಾಗ, ಕೈಗಳು, ಕೋಟೆಯ ಬುರುಜಿನ ತುದಿ ಎಲ್ಲ ಮಾಯ. ಕತ್ತರಿಸದೆ ಅಗಲಕ್ಕೆ ಎಳೆದಿದ್ದರೆ ಎಲ್ಲರೂ ದಪ್ಪ ಕಾಣುತ್ತಾರೆ. ಗಡಿಯಾರವೋ ಬಂಡಿಯ ಚಕ್ರವೋ ತೆರೆಯ ಮೇಲೆ ಬಂದಾಗ ಅದು ದುಂಡಗಿದೆಯೇ ನೋಡಿ. ಮೊಟ್ಟೆಯಾಕಾರ ಕಂಡರೆ ಪ್ರತಿ ಎಳೆದದ್ದು. ಎಡಬಲದಲ್ಲಿ ಕಪ್ಪು ಪಟ್ಟಿ ಇರುವ ಪ್ರತಿ ಸಿಕ್ಕರೆ ಅದನ್ನೇ ಆರಿಸಿ. ಟಿವಿಯ ಜೂಮ್ ಒತ್ತಿ ಪಟ್ಟಿ ತುಂಬಿಸಬೇಡಿ.

ಹಳೆಯ ಡಿವಿಡಿಗಳಲ್ಲಿ ಇನ್ನೊಂದು ತೊಡಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ವಿಡಿಯೊ ಪದ್ಧತಿ ಓಡುವುದು 25. ಹಾಗೇ ವರ್ಗಾಯಿಸಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿಯೂ ಒಂದು ಸ್ವರಸ್ಥಾನಕ್ಕೆ ತುಸು ಕಡಿಮೆ ಮೇಲೇರುತ್ತದೆ. ಹೊಡೆದಾಟದ ಚಿತ್ರದಲ್ಲಿ ಇದು ಗೊತ್ತಾಗದೆ ಹೋಗಬಹುದು. 'ಹಂಸಗೀತೆ'ಯಂಥ ಚಿತ್ರದಲ್ಲಿ, ಬಾಲಮುರಳಿಕೃಷ್ಣ ಅವರ ದನಿಯೇ ಜೀವವಾಗಿರುವಾಗ, ಸಂಗೀತ ಬಲ್ಲ ಕಿವಿಗೆ ತಿಳಿದೇ ತಿಳಿಯುತ್ತದೆ.

ಅವಧಿಯನ್ನೂ ಹೋಲಿಸಿ. ಟಿವಿಗೆಂದು ಕತ್ತರಿಸಿದ ಪ್ರತಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಮಾಯವಾಗಿರಬಹುದು. ಬಣ್ಣ ಹಚ್ಚಿದ, ಧ್ವನಿ ಬದಲಿಸಿದ ಪ್ರತಿಗಳೂ ಇವೆ. ಕಪ್ಪುಬಿಳುಪಿನ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂತು. 'ನಾಗರಹಾವು' 2018ರಲ್ಲಿ ಸುತ್ತಲಿಂದ ಕೇಳಿಸುವ 7.1 ಧ್ವನಿಯೊಂದಿಗೆ ಮತ್ತೆ ತೆರೆಕಂಡಿತು. ಇವನ್ನು ನೋಡಬಾರದು ಎಂದೇನೂ ಇಲ್ಲ. ಯಾವ ಪ್ರತಿ ನೋಡಿದಿರಿ ಎಂದು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಛಾಯಾಗ್ರಾಹಕ ಇಟ್ಟೇ ಇರದ ಬಣ್ಣವನ್ನು ಹೊಗಳಿ ಕೂರುತ್ತೀರಿ.

ಟಿವಿಯ ಸೆಟ್ಟಿಂಗಿನಲ್ಲಿ ಎರಡು ಕೆಲಸ ಮಾಡಿ. ಚಿತ್ರದ ಮೋಡನ್ನು "ಸಿನಿಮಾ" ಅಥವಾ "ಮೂವಿ"ಗೆ ಹಾಕಿ. ಚಲನೆ ನುಣುಪು ಮಾಡುವ ಸೌಲಭ್ಯವನ್ನು ಆಫ್ ಮಾಡಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗಿನಲ್ಲಿ ಆಟೋ ಮೋಷನ್ ಪ್ಲಸ್. ಅದು ಇಲ್ಲದ ಚೌಕಟ್ಟುಗಳನ್ನು ನಡುವೆ ಹುಟ್ಟಿಸಿ ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ನೋಡುವ ರೂಢಿ ಇದ್ದರೆ ಈ ಮೂರು ತಿಂಗಳು ಬಿಡಿ. ಮೌನ ಎಷ್ಟು ಹೊತ್ತು ಇರಬೇಕು ಎಂಬುದನ್ನು ನಿರ್ದೇಶಕರು ಅಳೆದು ಇಟ್ಟಿರುತ್ತಾರೆ.

ನೋಡುವಾಗ ಬರೆಯಬೇಡಿ. ಮುಗಿದ ಹದಿನೈದು ನಿಮಿಷದೊಳಗೆ, ಯಾರ ಜೊತೆಗೂ ಮಾತಾಡುವ ಮೊದಲು ಬರೆಯಿರಿ: ಹಿಂದೆ ನೆನಪಿದ್ದ ದೃಶ್ಯ ಹಾಗೇ ಇತ್ತೇ, ಹೊಸದಾಗಿ ಕಣ್ಣಿಗೆ ಬಿದ್ದದ್ದೇನು, ಎಲ್ಲಿ ಬೇಸರ ಬಂತು. ಜರಡಿಯ ಹೊತ್ತಿಗೆ ನೀವು ಬರೆದಿದ್ದ ದೃಶ್ಯಕ್ಕೂ ನಿಜವಾದ ದೃಶ್ಯಕ್ಕೂ ಸಾಮಾನ್ಯವಾಗಿ ವ್ಯತ್ಯಾಸ ಇರುತ್ತದೆ. ಯಾರೋ ಮಳೆಯಲ್ಲಿ ನಿಂತಿದ್ದರು ಎಂದುಕೊಂಡಿರುತ್ತೀರಿ, ಅಲ್ಲಿ ಮಳೆಯೇ ಇರುವುದಿಲ್ಲ. ಆ ಮಳೆಯನ್ನು ನಿಮ್ಮೊಳಗೆ ಸುರಿಸಿದ್ದು ಏನು ಎಂದು ಹುಡುಕಿ. ಹಿನ್ನೆಲೆಯ ಸದ್ದಿರಬಹುದು, ಬೆಳಕಿರಬಹುದು. ಚಿತ್ರದ ಕಸುಬು ಅಲ್ಲೇ ಇರುತ್ತದೆ.

ಈ ಸುತ್ತಿನಲ್ಲಿ ಐದಾರು ಚಿತ್ರ ಉದುರುತ್ತವೆ. ಎಳೆಯ ವಯಸ್ಸಿನಲ್ಲಿ ನಗಿಸಿದ ಹಾಸ್ಯ ಈಗ ಹೆಂಗಸರನ್ನೋ ಬಡವರನ್ನೋ ಹೀಯಾಳಿಸುವಂತೆ ಕೇಳಿಸಬಹುದು. ಬಿಟ್ಟುಬಿಡಿ, ಅಥವಾ ಇಟ್ಟುಕೊಂಡು ಅದನ್ನೂ ಬರೆಯಿರಿ. ಮುಚ್ಚಿಡುವುದು ಮಾತ್ರ ಬೇಡ.

ಐದನೇ ಹೆಜ್ಜೆ: ಚೀಟಿ ಜೋಡಿಸುವುದು

16 ಚಿತ್ರ ಉಳಿದವು ಎನ್ನಿ. ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಲು ಹೋದರೆ 120 ಜೋಡಿ ಆಗುತ್ತವೆ. ಮೂವತ್ತರ ಹೊತ್ತಿಗೆ ತಲೆ ಕೆಟ್ಟು ಬಾಯಿಗೆ ಬಂದದ್ದು ಹೇಳುತ್ತೀರಿ. ಸುಲಭದ ದಾರಿ ಇದು. ಒಂದೊಂದು ಚೀಟಿಯಲ್ಲಿ ಒಂದೊಂದು ಹೆಸರು ಬರೆದು, ಒಂದು ಚೀಟಿಯನ್ನು ಮೇಜಿನ ಮೇಲಿಡಿ. ಎರಡನೆಯದು ಮೇಲೋ ಕೆಳಗೋ ನೋಡಿ ಇಡಿ. ಮೂರನೆಯದರಿಂದ, ಸಾಲಿನ ನಟ್ಟನಡುವಿನ ಚೀಟಿಯೊಂದಿಗೆ ಮೊದಲು ಹೋಲಿಸಿ. ಮೇಲಾದರೆ ಮೇಲರ್ಧದ ನಡುವಿನದರೊಂದಿಗೆ, ಕೆಳಗಾದರೆ ಕೆಳಅರ್ಧದ ನಡುವಿನದರೊಂದಿಗೆ. ಹದಿನಾರನೆಯ ಚೀಟಿಗೂ ನಾಲ್ಕು ಹೋಲಿಕೆ ಸಾಕು. ಒಟ್ಟು 49 ದಾಟುವುದಿಲ್ಲ, ಒಂದು ಸಂಜೆಯ ಕೆಲಸ.

ಹೋಲಿಸುವಾಗ ಕೇಳುವ ಪ್ರಶ್ನೆ ಉದ್ದಕ್ಕೂ ಒಂದೇ ಇರಬೇಕು. "ಇವತ್ತು ರಾತ್ರಿ ಯಾವುದನ್ನು ನೋಡುತ್ತೀರಿ?" ಎಂದರೆ ಹಗುರ ಚಿತ್ರಗಳು ಮೇಲೇರುತ್ತವೆ. "ಎರಡರಲ್ಲಿ ಒಂದು ಲೋಕದಿಂದಲೇ ಅಳಿಸಿಹೋಗುವುದಾದರೆ ಯಾವುದನ್ನು ಉಳಿಸುತ್ತೀರಿ?" ಎಂದರೆ ಭಾರದ ಚಿತ್ರಗಳು ಮೇಲೇರುತ್ತವೆ. ನಮ್ಮ ಸಲಹೆ ಎರಡನೆಯ ಪ್ರಶ್ನೆ. ನಡುವೆ ಪ್ರಶ್ನೆ ಬದಲಿಸಿದರೆ ಸಾಲು ಗೋಜಲಾಗುತ್ತದೆ. ಹತ್ತನೆಯ ಮತ್ತು ಹನ್ನೊಂದನೆಯ ಚೀಟಿಯ ನಡುವೆ ಕೈ ತಡೆದರೆ ಎರಡರ ಬಗ್ಗೆಯೂ ಬರೆದು ನೋಡಿ. ಬರವಣಿಗೆ ಯಾವುದಕ್ಕೆ ಸಲೀಸಾಗಿ ಬಂತೋ ಅದು ಒಳಗೆ.

ಆರನೇ ಹೆಜ್ಜೆ: ಯಾಕೆ ಇಷ್ಟ ಎಂದು ಬರೆಯುವುದು

ಇಷ್ಟು ಹೊತ್ತು ಮಾಡಿದ್ದೆಲ್ಲ ಇದಕ್ಕಾಗಿ. ಒಂದು ಚಿತ್ರಕ್ಕೆ 80ರಿಂದ 180 ಪದ. ಮೊದಲು, ಎಲ್ಲೆಡೆ ಕಾಣುವ ಮಾದರಿಯೊಂದನ್ನು ನೋಡಿ:

"ನಾಗರಹಾವು ಕನ್ನಡದ ಎವರ್‌ಗ್ರೀನ್ ಚಿತ್ರ. ಪುಟ್ಟಣ್ಣನವರ ಅದ್ಭುತ ನಿರ್ದೇಶನ, ವಿಷ್ಣುವರ್ಧನ್ ಅವರ ಮನಮುಟ್ಟುವ ಅಭಿನಯ, ವಿಜಯಭಾಸ್ಕರ್ ಅವರ ಸುಮಧುರ ಸಂಗೀತ. ಎಷ್ಟು ಸಲ ನೋಡಿದರೂ ಬೇಸರವಾಗದು."

ಇದರಲ್ಲಿ ಸುಳ್ಳೇನಿಲ್ಲ. ಆದರೆ ಹೆಸರುಗಳನ್ನು ಅಳಿಸಿ ಬೇರೆ ಹೆಸರು ಬರೆದರೆ ಇನ್ನೂರು ಚಿತ್ರಕ್ಕೆ ಹೊಂದುತ್ತದೆ. ಬರೆದದ್ದನ್ನು ಪರೀಕ್ಷಿಸಲು ಇದೇ ಉಪಾಯ: ಹೆಸರು ಬದಲಿಸಿ ಓದಿ. ಹೊಂದಿದರೆ ವಾಕ್ಯವನ್ನು ಕಿತ್ತುಹಾಕಿ. ಈಗ ಇದನ್ನು ಓದಿ:

"ರಾಮಾಚಾರಿ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕಿದ ಹುಡುಗ. ಅಂಥವನು ಚಾಮಯ್ಯ ಮೇಷ್ಟ್ರ ಮುಂದೆ ಮಾತ್ರ ಬಗ್ಗುತ್ತಾನೆ. ಅಶ್ವತ್ಥ್ ಅವರ ಮೇಷ್ಟ್ರು ಅವನನ್ನು ಕಟ್ಟಿಹಾಕುವುದು ಅಧಿಕಾರದಿಂದಲ್ಲ, ಅಕ್ಕರೆಯಿಂದ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎಂದು ಅವರು ಕೇಳಿದಾಗ ಹುಡುಗ ಒಪ್ಪುತ್ತಾನೆ, ಒಪ್ಪಿ ಹಾಳಾಗುತ್ತಾನೆ, ಅವಳೂ ಹಾಳಾಗುತ್ತಾಳೆ. ಒಳ್ಳೆಯ ಗುರುವಿನ ಒಳ್ಳೆಯ ಮಾತು ಎರಡು ಬದುಕು ಮುರಿಯಬಲ್ಲದು ಎಂದು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನಾನು ನೋಡಿಲ್ಲ. ಕೊನೆಗೆ ಬೆಟ್ಟದ ತುದಿಯಲ್ಲಿ ಅವನ ಕೈ ತಾಗಿಯೇ ಮೇಷ್ಟ್ರು ಬೀಳುತ್ತಾರೆ. ಅಲ್ಲಿಯವರೆಗೆ ಅವನ ಅಡಗುತಾಣವಾಗಿದ್ದ ಬಂಡೆಗಳು ಆ ಕ್ಷಣಕ್ಕೆ ಬೇರೆಯಾಗಿ ಕಾಣುತ್ತವೆ. ಮಾರ್ಗರೆಟ್ ಪಾತ್ರಕ್ಕೆ ಚಿತ್ರ ಸಾಕಷ್ಟು ಸಮಯ ಕೊಟ್ಟಿಲ್ಲ ಎಂಬ ಕೊರಗು ನನಗಿದೆ. ಆದರೂ ಮೇಷ್ಟ್ರು ಮತ್ತು ಹುಡುಗನ ನಡುವಿನ ಈ ಬಿಗಿತಕ್ಕಾಗಿ ಇದು ನನ್ನ ಹತ್ತರಲ್ಲಿ ಇರಲೇಬೇಕು."

ಇಲ್ಲಿ ಕಥೆಗೆ ಸಿಕ್ಕಿರುವುದು ಎರಡು ಮೂರು ವಾಕ್ಯ, ಅದೂ ಕಾರಣಕ್ಕೆ ಬೇಕಾದಷ್ಟೇ. ಒಬ್ಬ ನಟನ ಹೆಸರಿದೆ, ಆತ ಏನು ಮಾಡಿದ್ದಾರೆ ಎಂಬುದೂ ಇದೆ. ಒಂದು ಕೊರಗಿದೆ. ಕೊರಗು ಬರೆಯಲು ಹೆದರಬೇಡಿ, ಅದಿದ್ದರೆ ಓದುವವರು ನಿಮ್ಮ ಹೊಗಳಿಕೆಯನ್ನು ನಂಬುತ್ತಾರೆ. "ಅದ್ಭುತ", "ಅಮೋಘ", "ಮನಮುಟ್ಟುವ", "ಕಾಡುವ", "ನೈಜ ಅಭಿನಯ" ಇವು ಒಂದೂ ಇಲ್ಲ. ಮೊದಲ ಕರಡಿನಲ್ಲಿ ಇವು ಬಂದರೆ ಬರಲಿ, ಎರಡನೆಯದರಲ್ಲಿ ಪ್ರತಿಯೊಂದರ ಜಾಗಕ್ಕೂ "ಹೇಗೆ?" ಎಂದು ಕೇಳಿಕೊಂಡು ಉತ್ತರವನ್ನು ಬರೆಯಿರಿ.

ದೃಶ್ಯ ವಿವರಿಸಲು ದೊಡ್ಡ ಪರಿಭಾಷೆ ಬೇಡ, ನಾಲ್ಕು ಸಂಗತಿ ಗಮನಿಸಿದರೆ ಸಾಕು. ಕ್ಯಾಮೆರಾ ಯಾರ ಎತ್ತರದಲ್ಲಿದೆ? ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977) ಯಮುನೆಯ ದುರಂತವನ್ನು ಬಹುಪಾಲು ನಾಣಿ ಎಂಬ ಹುಡುಗ ಕಂಡಂತೆ ತೋರಿಸುತ್ತದೆ. ಅವನಿಗೆ ಅರ್ಧ ಅರ್ಥವಾಗುತ್ತದೆ, ನಮಗೆ ಪೂರ್ತಿ. ಎದೆ ಹಿಂಡುವುದು ಆ ಅಂತರ. ಶಾಟ್, ಅಂದರೆ ನಡುವೆ ಕತ್ತರಿ ಬೀಳದ ಒಂದು ತುಣುಕು, ಎಷ್ಟು ಉದ್ದ? ಕೈಗಡಿಯಾರ ಹಿಡಿದು ಎಣಿಸಿ, ಸಂಖ್ಯೆ ಬರೆಯಿರಿ. ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ? ಇದಕ್ಕೆ ಧ್ವನಿ ಮುಚ್ಚಿ ಒಮ್ಮೆ, ಕಣ್ಣು ಮುಚ್ಚಿ ಒಮ್ಮೆ ಆ ದೃಶ್ಯ ಹಾಕಿ.

ನಾಲ್ಕನೆಯದು ಹಾಡು: ಅದು ಕಥೆಯನ್ನು ನಿಲ್ಲಿಸುತ್ತದೋ ನಡೆಸುತ್ತದೋ? 'ನಾಗರಹಾವು' ಎರಡಕ್ಕೂ ಪಾಠ. ಒನಕೆ ಓಬವ್ವನ ಹಾಡಿನಲ್ಲಿ ಪಿ.ಬಿ. ಶ್ರೀನಿವಾಸ್ ದನಿಯ ಮೇಲೆ ಇಡೀ ಒಂದು ಪ್ರಸಂಗ ನಡೆದುಹೋಗುತ್ತದೆ. ಗಂಡ ಊಟಕ್ಕೆ ಬರುವುದು, ಆಕೆ ನೀರಿಗೆ ಹೋಗುವುದು, ಕಿಂಡಿಯಲ್ಲಿ ಶತ್ರು ತೂರುವುದು, ಒನಕೆ ಏಳುವುದು. ಜಯಂತಿ ತೆರೆಯ ಮೇಲಿರುವುದು ಅಷ್ಟು ಹೊತ್ತು ಮಾತ್ರ, ಆದರೂ ಓಬವ್ವ ಎಂದರೆ ಇವತ್ತಿಗೂ ಎಷ್ಟೋ ಜನರ ಕಣ್ಣಿಗೆ ಬರುವುದು ಅವರ ಮುಖವೇ. 'ಬಾರೇ ಬಾರೇ' ಹಾಡು ಕಥೆಯನ್ನು ನಿಲ್ಲಿಸಿ, ಹುಡುಗನ ಮನಸ್ಸಿನೊಳಗೆ ನಿಧಾನ ಚಲನೆಯಲ್ಲಿ ಸಾಗುತ್ತದೆ. ನಿಧಾನ ಚಲನೆ ಬರಬೇಕಾದರೆ ಕ್ಯಾಮೆರಾ ವೇಗವಾಗಿ ಓಡಬೇಕು. ಸೆಕೆಂಡಿಗೆ 48 ಚೌಕಟ್ಟು ಹಿಡಿದು 24ರಲ್ಲಿ ತೋರಿಸಿದರೆ ವೇಗ ಅರ್ಧವಾಗುತ್ತದೆ. ಇಷ್ಟು ಗೊತ್ತಿದ್ದರೆ "ಚೆನ್ನಾಗಿ ತೆಗೆದಿದ್ದಾರೆ" ಎನ್ನುವ ಬದಲು ಏನು ತೆಗೆದಿದ್ದಾರೆ ಎಂದು ಹೇಳಬಹುದು. ಚಿತ್ರದುರ್ಗದ ಕೋಟೆ ಹತ್ತಿ ಕಿಂಡಿಯ ಮುಂದೆ ನಿಂತು ಬಂದವರಿಗೆ ಇನ್ನೊಂದು ಅನುಕೂಲ: ಆ ಕಿಂಡಿ ಎಷ್ಟು ಇಕ್ಕಟ್ಟು, ಬಗ್ಗದೆ ತೂರಲು ಯಾಕೆ ಆಗದು ಎಂಬುದು ಮೈಗೇ ಗೊತ್ತಾಗಿರುತ್ತದೆ. ಅದನ್ನು ಬರೆಯಿರಿ.

ಕಾದಂಬರಿಯಿಂದ ಬಂದ ಚಿತ್ರವಾದರೆ "ಪುಸ್ತಕದಷ್ಟು ಚೆನ್ನಾಗಿಲ್ಲ" ಅಥವಾ "ಪುಸ್ತಕಕ್ಕಿಂತ ಚೆನ್ನಾಗಿದೆ" ಎಂಬ ತಕ್ಕಡಿ ಬೇಡ. ಪುಟ್ಟಣ್ಣ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ('ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ') ಸೇರಿಸಿ ಒಂದು ಚಿತ್ರ ಮಾಡಿದರು. ಲೇಖಕರಿಗೆ ಅದು ಸಮಾಧಾನ ತರಲಿಲ್ಲ. ಚಿತ್ರವನ್ನು ಮೆಚ್ಚುವವರು ಆ ಅಸಮಾಧಾನವನ್ನೂ ಎದುರಿಗಿಟ್ಟುಕೊಂಡು, ಏನು ಬಿಟ್ಟಿದ್ದಾರೆ, ಬಿಟ್ಟದ್ದರಿಂದ ಏನು ಬಿಗಿಯಾಯಿತು, ಏನು ತೆಳುವಾಯಿತು ಎಂದು ನೋಡಬೇಕು.

ಏಳನೇ ಹೆಜ್ಜೆ: ತಪ್ಪು ನುಸುಳುವ ಜಾಗಗಳು

ಇಸವಿಯಲ್ಲಿ ಬಹಳ ತಪ್ಪಾಗುತ್ತದೆ. ಚಿತ್ರ ತೆರೆಕಂಡ ವರ್ಷ, ಪ್ರಶಸ್ತಿಯ ವರ್ಷ, ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ ವರ್ಷ ಬೇರೆಬೇರೆ ಇರಬಹುದು. 'ತಿಥಿ' 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರದರ್ಶನಗೊಂಡು, ನಮ್ಮ ಟಾಕೀಸುಗಳಿಗೆ ಬಂದದ್ದು 2016ರಲ್ಲಿ. ಯಾವುದನ್ನು ಹಾಕುತ್ತೀರೋ ಎಲ್ಲ ಚಿತ್ರಗಳಿಗೂ ಅದನ್ನೇ ಹಾಕಿ.

ಹಾಡಿನ ಶ್ರೇಯಸ್ಸು ಯಾರಿಗೆ ಎಂಬುದು ಎರಡನೆಯದು. ತೆರೆಯ ಮೇಲೆ ಬಾಯಾಡಿಸಿದವರು, ಹಾಡಿದವರು, ಬರೆದವರು, ರಾಗ ಹಾಕಿದವರು ನಾಲ್ವರು. 'ಹಂಸಗೀತೆ'ಯ ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್ ಕಾಣುತ್ತಾರೆ. ದನಿ ಬಾಲಮುರಳಿಕೃಷ್ಣ ಅವರದು, ಅದಕ್ಕೆ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಛಾಯಾಗ್ರಾಹಕರ, ಸಂಕಲನಕಾರರ ಹೆಸರನ್ನು ಚಿತ್ರದ ಶೀರ್ಷಿಕೆ ಪಟ್ಟಿಯಿಂದಲೇ, ತೆರೆ ನಿಲ್ಲಿಸಿ ಬರೆದುಕೊಳ್ಳಿ. ಅಂತರ್ಜಾಲದ ಪುಟಗಳು ಒಂದರ ತಪ್ಪನ್ನು ಇನ್ನೊಂದು ನಕಲು ಮಾಡಿರುತ್ತವೆ. ಸಂಭಾಷಣೆ ಉದ್ಧರಿಸುವುದಾದರೆ ಮೂರು ಸಲ ಕೇಳಿ; ಜನಪ್ರಿಯ ಮಾತುಗಳು ಬಾಯಿಂದ ಬಾಯಿಗೆ ಹೋಗುತ್ತಾ ಬದಲಾಗಿರುತ್ತವೆ.

ನಾಲ್ಕು ಜನರ ಮುಂದೆ

ಬಾಯಲ್ಲಿ ಹೇಳುವಾಗ ಹತ್ತನ್ನೂ ಹೇಳಲು ಹೋಗಬೇಡಿ. ಮಂಡಕ್ಕಿ ಮಿರ್ಚಿ ತಟ್ಟೆ ಖಾಲಿಯಾಗುವುದರೊಳಗೆ ಒಂದು ಚಿತ್ರ ಮುಗಿಯಬೇಕು, ಮೂರು ನಿಮಿಷ. ಎದುರಿಗಿದ್ದವರು ಆ ಚಿತ್ರ ನೋಡಿದ್ದಾರೋ ಇಲ್ಲವೋ ಮೊದಲೇ ಕೇಳಿ. ನೋಡಿಲ್ಲವೆಂದರೆ ಕೊನೆ ಹೇಳಬೇಡಿ, ನಡುವಿನ ಒಂದು ದೃಶ್ಯ ಹೇಳಿ.

ಹಿರಿಯರೊಬ್ಬರು ಖಂಡಿತ ಕೇಳುತ್ತಾರೆ: "ಅಲ್ಲಪ್ಪಾ, ಅಣ್ಣಾವ್ರದ್ದು ಒಂದಾ ಐತಲ್ಲ? 'ಬಂಗಾರದ ಮನುಷ್ಯ' ಯಾಕಿಲ್ಲ?" ವಾದಕ್ಕಿಳಿಯಬೇಡಿ. "ನನ್ನ ಹದಿನಾರರೊಳಗೆ ಇತ್ತು ಅಜ್ಜಾರೆ, ಹತ್ತಕ್ಕೆ ಬರೋವಾಗ ಬಿಟ್ಟೆ. ನಿಮಗೆ ಅದರಾಗೆ ಯಾವ ಸೀನು ಹಿಡಿಸ್ತು ಹೇಳ್ರಿ" ಎನ್ನಿ. ಅವರು ಹೇಳುವುದು ನಿಮ್ಮ ಕಣ್ಣು ತಪ್ಪಿಸಿಕೊಂಡ ದೃಶ್ಯವೇ ಆಗಿರಬಹುದು. ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಪಟ್ಟಿಯನ್ನು ಬದಲಿಸುವುದು

ಪಟ್ಟಿಯ ಕೆಳಗೆ ದಿನಾಂಕ ಹಾಕಿ. ವಿಮರ್ಶಕರ ಪಟ್ಟಿಗಳೇ ನಿಂತಿಲ್ಲ: 'ಸೈಟ್ ಅಂಡ್ ಸೌಂಡ್'ನಲ್ಲಿ 1962ರಿಂದ 2002ರವರೆಗೆ ಐದು ಸಲ ಮೊದಲ ಜಾಗದಲ್ಲಿದ್ದ 'ಸಿಟಿಜನ್ ಕೇನ್', 1952ರ ಮೊದಲ ಹತ್ತರಲ್ಲಿ ಇರಲೇ ಇಲ್ಲ. 2022ರಲ್ಲಿ ಮೊದಲ ಜಾಗಕ್ಕೆ ಬಂದ ಶಾಂತಾಲ್ ಅಕರ್ಮನ್ ಅವರ 'ಜೀನ್ ಡೀಲ್ಮನ್' 1975ರ ಚಿತ್ರ, 2012ರ ಪಟ್ಟಿಯಲ್ಲಿ ಅದು ಮೊದಲ ಮೂವತ್ತರಲ್ಲೂ ಇರಲಿಲ್ಲ. ಚಿತ್ರ ಅದೇ, ನೋಡುವವರು ಬದಲಾದರು.

ಎರಡು ವರ್ಷಕ್ಕೊಮ್ಮೆ ಪಟ್ಟಿ ತೆರೆದರೆ ಸಾಕು. ಹೊಸದೊಂದು ಒಳಗೆ ಬರಬೇಕಾದರೆ ಅದೂ ಜರಡಿ, ಮರುನೋಟ, ಚೀಟಿ ಮೂರನ್ನೂ ದಾಟಲಿ. ಹೊರಹೋದ ಚಿತ್ರದ ಬರಹವನ್ನು ಹರಿಯಬೇಡಿ, ಯಾಕೆ ಹೊರಹೋಯಿತು ಎಂದು ಅದರ ಕೆಳಗೇ ಒಂದು ಸಾಲು ಸೇರಿಸಿ. ಒಳ್ಳೆಯ ಪ್ರತಿ ಸಿಗದೆ ಮತ್ತೆ ನೋಡಲಾಗದ ಚಿತ್ರಗಳಿಗೆ ಕೊನೆಯ ಪುಟ ಮೀಸಲಿರಲಿ. ಹಳೆಯ ಚಿತ್ರಗಳು ದುರಸ್ತಿಯಾಗಿ ಮರಳುತ್ತಿವೆ; 'ಘಟಶ್ರಾದ್ಧ'ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಹಾಗೆ ಸಿಕ್ಕ ದಿನ ನಾಲ್ಕನೇ ಹೆಜ್ಜೆಯಿಂದ ಶುರುಮಾಡಿ.